ರಹೀಮ್ ಚಾಚಾ ಎಂದೇ ಉಳಿದುಹೋದ ಎ.ಕೆ. ಹಂಗಲ್



‘ಶೋಲೆ’ ಚಿತ್ರವನ್ನು ನೋಡದವರು ನಮ್ಮ ನಡುವೆ ವಿರಳ. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಆ ಚಿತ್ರಕ್ಕೆ 2025ರಲ್ಲಿ ಐವತ್ತು ವರ್ಷ ತುಂಬಿತು. ಅದರ ರಾಮಗಢ ಎಂಬ ಹಳ್ಳಿಯನ್ನು ಕಟ್ಟಿದ್ದು ಉತ್ತರ ಭಾರತದಲ್ಲಲ್ಲ, ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿರುವ ನಮ್ಮ ರಾಮನಗರದ ಬಂಡೆಗಳ ನಡುವೆ. ಆ ಹಳ್ಳಿಯಲ್ಲಿ ಒಂದು ಮಸೀದಿ, ಆ ಮಸೀದಿಗೆ ಕಣ್ಣು ಕಾಣದ ಒಬ್ಬ ವೃದ್ಧ ಇಮಾಮ್ ಸಾಹೇಬರು. ಊರಿನವರಿಗೆಲ್ಲ ಅವರು ರಹೀಮ್ ಚಾಚಾ. ಮೂರು ಗಂಟೆಗೂ ಹೆಚ್ಚಿನ ಆ ಚಿತ್ರದಲ್ಲಿ ಅವರು ತೆರೆಯ ಮೇಲೆ ಇರುವುದು ಕೆಲವೇ ನಿಮಿಷ. ಆದರೆ ಚಿತ್ರ ನೋಡಿದ ಯಾರನ್ನಾದರೂ ಕೇಳಿ, ಆ ಮುದುಕರ ಮುಖವನ್ನು ಅವರು ಮರೆತಿರುವುದಿಲ್ಲ.

ಆ ಪಾತ್ರ ಮಾಡಿದವರ ಹೆಸರು ಅವತಾರ್ ಕಿಶನ್ ಹಂಗಲ್. ಹೆಸರು ಗೊತ್ತಿಲ್ಲದ ಅನೇಕರು ಅವರನ್ನು ಮುಸ್ಲಿಮರೆಂದೇ ತಿಳಿದಿದ್ದರು. ಹೆಸರು ಓದಿದ ಕನ್ನಡಿಗರಲ್ಲಿ ಕೆಲವರು, ಗಂಗೂಬಾಯಿ ಹಾನಗಲ್ ಅವರನ್ನು ನೆನೆದು, ಇವರೂ ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ಲಿನವರೇ ಇರಬೇಕೆಂದುಕೊಂಡರು. ಎರಡೂ ನಿಜವಲ್ಲ. ಅವರು ಕಾಶ್ಮೀರಿ ಪಂಡಿತರ ಮನೆತನದವರು. ಕಾಶ್ಮೀರದ ಕಾಡಿನಲ್ಲಿರುವ ಸಾರಂಗಕ್ಕೆ ಅಲ್ಲಿಯ ಜನ ಹಂಗುಲ್ ಎನ್ನುತ್ತಾರೆ. ಅವರ ಮನೆತನದ ಹೆಸರು ಆ ಕಡೆಯದು.

ನಮ್ಮ ವಾರ್ಷಿಕ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಮೊದಲ ಸಾಲಿನಲ್ಲಿ ನಿಂತ ಮಹನೀಯರ ಜೀವನವನ್ನು ಬರೆಯುತ್ತೇವೆ. ಅದು ಸರಿಯೇ. ಆದರೆ ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಬಹಳ ಮಂದಿಗೆ ಬದುಕು ಕೊಡುವುದು ನಾಯಕನ ಪಾತ್ರವನ್ನಲ್ಲ. ಅಪ್ಪ, ಅಣ್ಣ, ಮೇಷ್ಟ್ರು, ಗುಮಾಸ್ತ, ನೆರೆಮನೆಯವ, ಹೀಗೆ ಪಕ್ಕದ ಪಾತ್ರಗಳೇ ನಮ್ಮ ಪಾಲಿಗೆ ಬರುವುದು. ಅಂಥ ಪಾತ್ರಗಳನ್ನೇ ಸುಮಾರು ನಾಲ್ಕು ದಶಕ, ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಮಾಡಿದ ಒಬ್ಬ ನಟ ಹೇಗೆ ಬಾಳಿದರು, ಅದಕ್ಕೆ ಏನು ಬೆಲೆ ತೆತ್ತರು ಎಂಬುದನ್ನು ಈ ಸಲ ನಿಮ್ಮ ಮುಂದೆ ಇಡುತ್ತಿದ್ದೇನೆ. ಅವರು ತೀರಿಕೊಂಡಿದ್ದು 2012ರಲ್ಲಿ. ಆಗ ನಿಮ್ಮಲ್ಲಿ ಹಲವರು ಇನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ.

ಸಿಯಾಲ್‌ಕೋಟ್‌ನಿಂದ ಪೇಶಾವರಕ್ಕೆ

ಹಂಗಲ್ ಹುಟ್ಟಿದ್ದು 1914ರಲ್ಲಿ, ಸಿಯಾಲ್‌ಕೋಟ್‌ನಲ್ಲಿ. ಉರ್ದು ಓದುವ ಮಕ್ಕಳಿಗೆ ಈ ಊರಿನ ಹೆಸರು ಹೊಸದಲ್ಲ. ಮಹಾಕವಿ ಇಕ್ಬಾಲರು ಹುಟ್ಟಿದ್ದೂ ಅದೇ ಊರಿನಲ್ಲಿ. ಹಂಗಲ್ ಅವರ ಬಾಲ್ಯ ಮತ್ತು ಯೌವನ ಕಳೆದದ್ದು ಪೇಶಾವರದಲ್ಲಿ. ಹಿಂದಿ ಚಿತ್ರರಂಗಕ್ಕೆ ಪೃಥ್ವಿರಾಜ್ ಕಪೂರರ ಮನೆತನವನ್ನೂ ದಿಲೀಪ್ ಕುಮಾರರನ್ನೂ ಕೊಟ್ಟ ಊರು ಅದು. ತಂದೆ ಸರ್ಕಾರಿ ನೌಕರಿಯಲ್ಲಿದ್ದರು. ಹಂಗಲ್ ಇನ್ನೂ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು.

ಅವರು ಬೆಳೆದ ಕಾಲ ಎಂಥದೆಂದು ಸ್ವಲ್ಪ ಯೋಚಿಸಿ. ಸರಹದ್ದಿನ ಗಾಂಧಿ ಎಂದು ಹೆಸರಾದ ಖಾನ್ ಅಬ್ದುಲ್ ಗಫಾರ್ ಖಾನರು ಖುದಾಯಿ ಖಿದ್ಮತ್‌ಗಾರ್ ಎಂಬ ಅಹಿಂಸಾ ಪಡೆಯನ್ನು ಕಟ್ಟಿದ್ದು ಆ ಪ್ರಾಂತದಲ್ಲೇ. 1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ನಿಶ್ಶಸ್ತ್ರ ಜನರ ಮೇಲೆ ಬ್ರಿಟಿಷ್ ಸೈನ್ಯ ಗುಂಡು ಹಾರಿಸಿತು. ಅಲ್ಲಿದ್ದ ಗಢವಾಲಿ ಸೈನಿಕರು ತಮ್ಮ ದೇಶದವರ ಮೇಲೆ ಗುಂಡು ಹಾರಿಸಲು ಒಪ್ಪದೆ ಶಿಕ್ಷೆಗೆ ಗುರಿಯಾದರು. ಸತ್ತವರು ಹೆಚ್ಚಾಗಿ ಮುಸ್ಲಿಮರು, ಗುಂಡು ಹಾರಿಸಲಾರೆವೆಂದವರು ಹಿಂದೂಗಳು. ಆಗ ಹಂಗಲ್ ಅವರಿಗೆ ಹದಿನಾರು ವರ್ಷ. ಅದೇ ಊರಿನಲ್ಲಿ ಬೆಳೆಯುತ್ತಿದ್ದ ಹುಡುಗ ಸ್ವಾತಂತ್ರ್ಯ ಹೋರಾಟದ ಕಡೆ ಸೆಳೆಯಲ್ಪಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ. ಮುಂದೆ ತಮ್ಮ ಬದುಕಿನ ಉದ್ದಕ್ಕೂ ಧರ್ಮದ ಹೆಸರಿನಲ್ಲಿ ಮನುಷ್ಯರನ್ನು ಬೇರೆ ಮಾಡುವ ಮಾತನ್ನು ಅವರು ಒಪ್ಪಲಿಲ್ಲ.

1936ರಲ್ಲಿ ಅವರು ಪೇಶಾವರದ ಶ್ರೀ ಸಂಗೀತ ಪ್ರಿಯ ಮಂಡಳ ಎಂಬ ನಾಟಕ ತಂಡವನ್ನು ಸೇರಿದರು. ಅಲ್ಲಿಂದ ಶುರುವಾದ ರಂಗಭೂಮಿಯ ನಂಟು ಮುಂದೆ ಬಿಡಲೇ ಇಲ್ಲ.

ಸೂಜಿ, ಕತ್ತರಿ ಮತ್ತು ಜೈಲು

ನಾಟಕ ಹೊಟ್ಟೆ ತುಂಬಿಸುವುದಿಲ್ಲವಲ್ಲ. ಹಂಗಲ್ ಹೊಟ್ಟೆಪಾಡಿಗೆ ಹಿಡಿದದ್ದು ದರ್ಜಿ ಕೆಲಸ. ಸರ್ಕಾರಿ ನೌಕರರ ಮನೆಯ, ಓದು ಬರಹ ಬಲ್ಲ ಮಗನೊಬ್ಬ ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಬಟ್ಟೆ ಕತ್ತರಿಸಲು ನಿಲ್ಲುವುದು ಆ ಕಾಲದಲ್ಲಿ ಸುಲಭದ ಮಾತಲ್ಲ. ಇಂದಿಗೂ ನಮ್ಮ ಮನೆಗಳಲ್ಲಿ ಹುಡುಗ ಐ.ಟಿ.ಐ.ಗೆ ಹೋಗುತ್ತೇನೆಂದರೆ, ಟೈಲರಿಂಗ್ ಕಲಿಯುತ್ತೇನೆಂದರೆ ಹಿರಿಯರ ಮುಖ ಸಣ್ಣದಾಗುವುದುಂಟು. ಕೈಕೆಲಸ ಮಾಡುವವನಿಗೆ ಮರ್ಯಾದೆ ಕಡಿಮೆ ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಹಂಗಲ್ ಮಾತ್ರ ತಾನು ದರ್ಜಿಯಾಗಿದ್ದೆನೆಂಬುದನ್ನು ಎಂದೂ ಮುಚ್ಚಿಡಲಿಲ್ಲ. ಅವರು ಹೆಸರಾಂತ ನಟರಾದ ಮೇಲೂ ಅವರ ಬಗ್ಗೆ ಬರೆದವರೆಲ್ಲ ಮೊದಲು ಹೇಳುತ್ತಿದ್ದುದು ಅದನ್ನೇ.

ತಂದೆ ನಿವೃತ್ತರಾದ ಮೇಲೆ ಸಂಸಾರ ಕರಾಚಿಗೆ ಬಂತು. ಅಲ್ಲಿ ಹಂಗಲ್ ದರ್ಜಿ ಕೆಲಸದ ಜೊತೆಗೆ ಕಾರ್ಮಿಕರ ಚಳವಳಿಯಲ್ಲಿ, ಕಮ್ಯುನಿಸ್ಟ್ ಪಕ್ಷದಲ್ಲಿ ದುಡಿದರು. 1947ರಲ್ಲಿ ದೇಶ ಎರಡಾಯಿತು. ಲಕ್ಷಾಂತರ ಜನ ಗಡಿ ದಾಟಿದರು. ಹಂಗಲ್ ತಕ್ಷಣ ಹೊರಡಲಿಲ್ಲ. ರಾಜಕೀಯ ಚಟುವಟಿಕೆಗಾಗಿ ಅವರು ಕರಾಚಿಯ ಜೈಲು ಸೇರಬೇಕಾಯಿತು. ಬಿಡುಗಡೆಯಾದ ಮೇಲೆ 1949ರಲ್ಲಿ ಅವರು ಮುಂಬಯಿಗೆ ಬಂದರು. ಹುಟ್ಟಿದ ಊರು, ಬೆಳೆದ ಊರು, ದುಡಿದ ಊರು ಮೂರೂ ಈಗ ಬೇರೆ ದೇಶದಲ್ಲಿದ್ದವು. ವಯಸ್ಸು ಮೂವತ್ತೈದು. ಕೈಯಲ್ಲಿದ್ದದ್ದು ದರ್ಜಿಯ ಕಸುಬು ಮಾತ್ರ.

ಮುಂಬಯಿ ಮತ್ತು ಇಪ್ಟಾ

ಮುಂಬಯಿಯಲ್ಲಿ ಅವರು ಮತ್ತೆ ಕತ್ತರಿ ಹಿಡಿದರು. ಜೊತೆಗೆ ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್, ಅಂದರೆ ಇಪ್ಟಾ ಎಂಬ ಜನತಾ ರಂಗಭೂಮಿ ಸಂಘಟನೆಯನ್ನು ಸೇರಿದರು. 1943ರಲ್ಲಿ ಮುಂಬಯಿಯಲ್ಲೇ ಹುಟ್ಟಿದ ಈ ಸಂಘಟನೆ ನಾಟಕವನ್ನು ಶ್ರೀಮಂತರ ಮನರಂಜನೆಯಿಂದ ಬಿಡಿಸಿ ದುಡಿಯುವ ಜನರ ಬಳಿಗೆ ಒಯ್ಯಬೇಕೆಂದು ಹೊರಟದ್ದು. ಬಲರಾಜ್ ಸಾಹನಿ, ಕವಿ ಕೈಫಿ ಆಜ್ಮಿ ಅವರಂಥವರು ಅಲ್ಲಿದ್ದರು. ಹಂಗಲ್ ಅವರ ಒಡನಾಡಿಯಾದರು. ಎಷ್ಟೋ ವರ್ಷ ಹಗಲು ಹೊಟ್ಟೆಪಾಡು, ಸಂಜೆ ನಾಟಕ ಎಂಬಂತೆ ಅವರ ಬದುಕು ನಡೆಯಿತು. ಕೊನೆಗಾಲದಲ್ಲಿ ಅವರು ಇಪ್ಟಾದ ರಾಷ್ಟ್ರೀಯ ಅಧ್ಯಕ್ಷರೂ ಆಗಿದ್ದರು.

ಮುಂಬಯಿಗೆ ಬಂದವರೆಲ್ಲ ಸಿನಿಮಾ ಸ್ಟುಡಿಯೋಗಳ ಬಾಗಿಲಲ್ಲಿ ನಿಲ್ಲುತ್ತಿದ್ದ ಕಾಲದಲ್ಲಿ ಈ ಮನುಷ್ಯ ಹದಿನಾರು ಹದಿನೇಳು ವರ್ಷ ರಂಗಭೂಮಿಯಲ್ಲೇ ಇದ್ದರು. ಆ ವರ್ಷಗಳೇ ಅವರ ನಟನೆಯ ಪಾಠಶಾಲೆ. ಮುಂದೆ ಕ್ಯಾಮರಾದ ಎದುರು ಅವರು ಕೂಗಾಡದೆ, ಕೈ ಬೀಸದೆ, ಮೆಲುದನಿಯಲ್ಲಿ ಶುದ್ಧ ಉರ್ದುಮಿಶ್ರಿತ ಹಿಂದೂಸ್ತಾನಿಯನ್ನು ಆಡುತ್ತಿದ್ದ ರೀತಿಗೆ ಈ ತಯಾರಿಯೇ ಕಾರಣ.

ಐವತ್ತು ದಾಟಿದ ಮೇಲೆ ಸಿನಿಮಾ

ಬಾಸು ಭಟ್ಟಾಚಾರ್ಯರು ನಿರ್ದೇಶಿಸಿದ ‘ತೀಸ್ರಿ ಕಸಂ’ 1966ರಲ್ಲಿ ಬಂತು. ಅದರಲ್ಲಿ ಹಂಗಲ್ ಅವರದು ರಾಜ್ ಕಪೂರರ ಅಣ್ಣನ ಸಣ್ಣ ಪಾತ್ರ. ಆಗ ಅವರ ವಯಸ್ಸು ಐವತ್ತೆರಡು. ನಮ್ಮ ಸರ್ಕಾರಿ ನೌಕರರು ನಿವೃತ್ತಿಯ ಲೆಕ್ಕ ಹಾಕಲು ಶುರುಮಾಡುವ ವಯಸ್ಸು ಅದು. ಮರುವರ್ಷ ‘ಶಾಗಿರ್ದ್’ ಬಂತು. ಅಲ್ಲಿಂದ ಅವರಿಗೆ ಬಿಡುವು ಸಿಗಲಿಲ್ಲ.

ಇಷ್ಟು ತಡವಾಗಿ ಬಂದವರಿಗೆ ನಾಯಕನ ಪಾತ್ರ ಯಾರೂ ಕೊಡುವುದಿಲ್ಲ. ಅವರಿಗೆ ಸಿಕ್ಕಿದ್ದು ಚಿತ್ರರಂಗದಲ್ಲಿ ಕ್ಯಾರೆಕ್ಟರ್ ಆರ್ಟಿಸ್ಟ್ ಎಂದು ಕರೆಯುವ ಪೋಷಕ ನಟನ ಕೆಲಸ. ಇದರ ಸ್ವರೂಪ ನಿಮಗೆ ತಿಳಿದಿರಲಿ. ಪೋಸ್ಟರಿನಲ್ಲಿ ಇವರ ಮುಖ ಇರುವುದಿಲ್ಲ, ಇದ್ದರೂ ಮೂಲೆಯಲ್ಲಿ. ಸಂಭಾವನೆ ನಾಯಕರ ಸಂಭಾವನೆಯ ಹತ್ತಿರಕ್ಕೂ ಬರುವುದಿಲ್ಲ. ಇಂದು ಇಲ್ಲಿ ಅಪ್ಪ, ನಾಳೆ ಅಲ್ಲಿ ಡಾಕ್ಟರು. ಆದರೆ ಆ ಅಪ್ಪ ನಿಜವಾದ ಅಪ್ಪನಂತೆ ಕಾಣದಿದ್ದರೆ ನಾಯಕಿ ಅತ್ತದ್ದೂ ಸುಳ್ಳಾಗುತ್ತದೆ, ನಾಯಕ ಸಿಟ್ಟಾದದ್ದೂ ಸುಳ್ಳಾಗುತ್ತದೆ. ಕಥೆ ನಿಲ್ಲುವುದು ಇಂಥವರ ಹೆಗಲ ಮೇಲೆ.

1971ರ ‘ಗುಡ್ಡಿ’ಯಲ್ಲಿ ಹಂಗಲ್ ಜಯಾ ಭಾದುರಿಯ ತಂದೆ. 1973ರ ‘ಅಭಿಮಾನ್’ನಲ್ಲೂ ಆಕೆಗೆ ಅವರೇ ತಂದೆ. 1972ರ ‘ಬಾವರ್ಚಿ’ಯಲ್ಲಿ ಕೂಡುಕುಟುಂಬದ ಹಿರಿಯ ಮಗ. 1973ರ ‘ನಮಕ್ ಹರಾಮ್’ನಲ್ಲಿ ಕಾರ್ಖಾನೆಯ ಕಾರ್ಮಿಕ ಸಂಘದ ಮುಖಂಡ. ಕರಾಚಿಯ ಕಾರ್ಮಿಕರ ನಡುವೆ ದುಡಿದಿದ್ದ ಅವರಿಗೆ ಆ ಮುಖಂಡ ಅಪರಿಚಿತನಾಗಿರಲಿಲ್ಲ. 1975ರ ‘ಆಂಧಿ’ಯಲ್ಲಿ ಹೋಟೆಲಿನವರ ಮನೆಯ ಹಳೆಯ ಆಳು. 1982ರ ‘ಶೌಕೀನ್’ನಲ್ಲಿ ಅಶೋಕ್ ಕುಮಾರ್, ಉತ್ಪಲ್ ದತ್ತರ ಜೊತೆ ಮೂವರು ಚೇಷ್ಟೆಯ ಮುದುಕರಲ್ಲಿ ಒಬ್ಬ. ಸದಾ ಸಾಧು ಸ್ವಭಾವದ ವೃದ್ಧನನ್ನು ನೋಡಿದ್ದವರಿಗೆ ಈ ಚಿತ್ರ ನಗೆಯುಕ್ಕಿಸಿತು.

ದೂರದರ್ಶನವೂ ಅವರನ್ನು ಬಳಸಿಕೊಂಡಿತು. 1988ರಲ್ಲಿ ಪ್ರಸಾರವಾದ ಗೋವಿಂದ ನಿಹಲಾನಿಯವರ ‘ತಮಸ್’ ಧಾರಾವಾಹಿಯಲ್ಲಿ ಹಂಗಲ್ ಇದ್ದರು. ಬಲರಾಜ್ ಸಾಹನಿಯವರ ತಮ್ಮ ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿದ ಈ ಧಾರಾವಾಹಿ ದೇಶ ವಿಭಜನೆಯ ಕಾಲದ ಗಲಭೆಗಳನ್ನು ಕುರಿತದ್ದು. ಇದರ ಪ್ರಸಾರವನ್ನು ನಿಲ್ಲಿಸಬೇಕೆಂದು ಕೆಲವರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು ಅದಕ್ಕೆ ಒಪ್ಪಲಿಲ್ಲ. ವಿಭಜನೆಯ ನೋವನ್ನು ಸ್ವತಃ ಉಂಡವರು ಆ ಧಾರಾವಾಹಿಯಲ್ಲಿ ಇದ್ದರೆಂಬುದು ಅದರ ತೂಕವನ್ನು ಹೆಚ್ಚಿಸಿತು.

ಮೂರು ಪಾತ್ರಗಳು

ಓದುಗರೇ, ಹಂಗಲ್ ಅವರ ಇನ್ನೂರಕ್ಕೂ ಹೆಚ್ಚು ಪಾತ್ರಗಳಲ್ಲಿ ಮೂರನ್ನು ನೀವು ವಿಶೇಷವಾಗಿ ಗಮನಿಸಬೇಕೆಂದು ನನ್ನ ಕೋರಿಕೆ.

ಮೊದಲನೆಯದು ‘ಗರಂ ಹವಾ’. ಇದನ್ನು ನಿರ್ದೇಶಿಸಿದವರು ನಮ್ಮ ಮೈಸೂರಿನ ಎಂ.ಎಸ್. ಸತ್ಯು. ಕಥೆ ಇಸ್ಮತ್ ಚುಗ್ತಾಯಿ ಅವರದು, ಚಿತ್ರಕಥೆ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಅವರದು. ವಿಭಜನೆಯ ನಂತರ ಆಗ್ರಾದಲ್ಲೇ ಉಳಿದ ಸಲೀಂ ಮಿರ್ಜಾ ಎಂಬ ಪಾದರಕ್ಷೆ ತಯಾರಕರ ಕುಟುಂಬದ ಕಥೆ ಇದು. ಮಿರ್ಜಾ ಪಾತ್ರ ಮಾಡಿದ ಬಲರಾಜ್ ಸಾಹನಿ 1973ರಲ್ಲಿ ಇದರ ಡಬ್ಬಿಂಗ್ ಮುಗಿಸಿದ ಮರುದಿನವೇ ತೀರಿಕೊಂಡರು. ಸೆನ್ಸಾರ್‌ನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದ ಈ ಚಿತ್ರ ಕೊನೆಗೆ 1974ರಲ್ಲಿ ಬಿಡುಗಡೆಯಾಯಿತು, ರಾಷ್ಟ್ರೀಯ ಭಾವೈಕ್ಯಕ್ಕಾಗಿ ಪ್ರಶಸ್ತಿಯನ್ನೂ ಪಡೆಯಿತು. ಇದರಲ್ಲಿ ಹಂಗಲ್ ಅವರದು ಅಜ್ಮಾನಿ ಎಂಬ ಸಿಂಧಿ ವ್ಯಾಪಾರಿಯ ಪಾತ್ರ. ಮಿರ್ಜಾ ಕುಟುಂಬ ಕಳೆದುಕೊಂಡ ಹವೇಲಿಗೆ ಬರುವ ನಿರಾಶ್ರಿತ. ಮನೆ ಬಿಟ್ಟವರ ಮೇಲೆ ಅವನಿಗೆ ದ್ವೇಷವಿಲ್ಲ, ಅವರ ಕಷ್ಟ ಅವನಿಗೆ ಅರ್ಥವಾಗುತ್ತದೆ, ಏಕೆಂದರೆ ಅವನೂ ಹಾಗೆಯೇ ತನ್ನದೆಲ್ಲವನ್ನೂ ಬಿಟ್ಟು ಬಂದವನು. ಈ ಪಾತ್ರಕ್ಕೆ ಹಂಗಲ್ ಹೊಸದಾಗಿ ಏನನ್ನೂ ಕಲಿಯಬೇಕಾಗಿರಲಿಲ್ಲ. ಸಿಂಧ್‌ನಿಂದ ಎಲ್ಲವನ್ನೂ ಬಿಟ್ಟು ಬಂದದ್ದು ಅವರ ಸ್ವಂತ ಕಥೆಯೇ.

ಎರಡನೆಯದು 1975ರ ‘ದೀವಾರ್’. ಪೊಲೀಸ್ ಅಧಿಕಾರಿಯಾದ ಶಶಿ ಕಪೂರ್ ಓಡುತ್ತಿದ್ದ ಕಳ್ಳನ ಕಾಲಿಗೆ ಗುಂಡು ಹಾರಿಸುತ್ತಾನೆ. ಹತ್ತಿರ ಹೋಗಿ ನೋಡಿದರೆ ಅವನೊಬ್ಬ ಹುಡುಗ, ಕದ್ದದ್ದು ರೊಟ್ಟಿ. ಅಧಿಕಾರಿ ಅಪರಾಧಿಯಂತೆ ಆ ಹುಡುಗನ ಮನೆಗೆ ಆಹಾರ ಹಿಡಿದು ಹೋಗುತ್ತಾನೆ. ಹಸಿದ ತಾಯಿ ಅವನನ್ನು ಬೈಯುತ್ತಾಳೆ, ದೊಡ್ಡ ಕಳ್ಳರನ್ನು ಬಿಟ್ಟು ನನ್ನ ಮಗನನ್ನು ಹೊಡೆದೆಯಾ ಎಂಬುದು ಅವಳ ಸಂಕಟ. ಆದರೆ ತಂದೆ, ನಿವೃತ್ತ ಶಾಲಾ ಶಿಕ್ಷಕ, ಕದ್ದದ್ದು ಎಷ್ಟೇ ಇರಲಿ ಕಳ್ಳತನ ಕಳ್ಳತನವೇ ಎಂದು ಆ ಅಧಿಕಾರಿಯನ್ನು ಸಮಾಧಾನಪಡಿಸುತ್ತಾರೆ. ಆ ಶಿಕ್ಷಕರೇ ಹಂಗಲ್. ದಾರಿ ತಪ್ಪಿದ ಸ್ವಂತ ಅಣ್ಣನ ವಿರುದ್ಧ ನಿಲ್ಲುವ ಧೈರ್ಯ ಆ ಅಧಿಕಾರಿಗೆ ಬರುವುದು ಈ ಬಡ ಮೇಷ್ಟ್ರ ಮನೆಯಿಂದ. ಇಡೀ ಚಿತ್ರ ತಿರುಗುವುದು ಆ ಒಂದು ದೃಶ್ಯದಿಂದ. 1976ರ ‘ಚಿತ್‌ಚೋರ್’ನಲ್ಲೂ ಅವರು ಶಾಲೆಯ ಮುಖ್ಯೋಪಾಧ್ಯಾಯರೇ. ತರಗತಿಯಲ್ಲಿ ನಿಲ್ಲುವ ನಮ್ಮಂಥವರಿಗೆ ಈ ಪಾತ್ರಗಳನ್ನು ನೋಡುವಾಗ ಸ್ವಲ್ಪ ಹೆಮ್ಮೆ, ಸ್ವಲ್ಪ ಅಂಜಿಕೆ ಎರಡೂ ಆಗುತ್ತದೆ.

ಮೂರನೆಯದು ನಮ್ಮ ರಹೀಮ್ ಚಾಚಾ. ಇಮಾಮ್ ಸಾಹೇಬರಿಗೆ ಒಬ್ಬನೇ ಮಗ ಅಹ್ಮದ್. ಜಬಲ್ಪುರದ ಬೀಡಿ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಗುವಂತಿರುತ್ತದೆ. ಕಣ್ಣು ಕಾಣದ ತಂದೆಯನ್ನು ಬಿಟ್ಟು ಹೋಗಲು ಮಗನಿಗೆ ಮನಸ್ಸಿಲ್ಲ, ತಂದೆಯೇ ಒಪ್ಪಿಸಿ ಕಳಿಸುತ್ತಾರೆ. ದಾರಿಯಲ್ಲಿ ಗಬ್ಬರನ ಕೈಗೆ ಸಿಕ್ಕಿದ ಮಗನ ಹೆಣವನ್ನು ಕುದುರೆ ಊರಿಗೆ ಹೊತ್ತು ತರುತ್ತದೆ. ಊರ ಜನರ ಮಾತು ನಿಂತುಹೋಗುತ್ತದೆ. ಏನೂ ಕಾಣದ ಇಮಾಮ್ ಸಾಹೇಬರು ಆ ಮೌನಕ್ಕೆ ಕಾರಣ ಕೇಳುತ್ತಾ, ಕೋಲಿನಿಂದ ತಡಕುತ್ತಾ ಮುಂದೆ ಬರುತ್ತಾರೆ. ಮಗನ ಮುಖವನ್ನು ಕೈಯಿಂದ ಮುಟ್ಟಿ ತಿಳಿಯುತ್ತಾರೆ. ಹೆದರಿದ ಜನ ಆ ಇಬ್ಬರು ಯುವಕರನ್ನು ಗಬ್ಬರನಿಗೆ ಒಪ್ಪಿಸಿಬಿಡೋಣವೆಂದಾಗ ತಡೆಯುವವರು ಮಗನನ್ನು ಕಳೆದುಕೊಂಡ ಈ ತಂದೆಯೇ. ಊರಿಗಾಗಿ ಕೊಡಲು ತನಗೆ ಇನ್ನಷ್ಟು ಮಕ್ಕಳಿರಬೇಕಿತ್ತೆಂದು ಹೇಳಿ, ಆಜಾನ್ ಕೇಳಿಸುತ್ತಲೇ ಮಸೀದಿಯ ಕಡೆ ಹೆಜ್ಜೆ ಹಾಕುತ್ತಾರೆ.

ಹಿಂದಿ ಚಿತ್ರಗಳಲ್ಲಿ ಮುಸ್ಲಿಂ ಪಾತ್ರಗಳೆಂದರೆ ನವಾಬರು, ಕವ್ವಾಲರು, ಇಲ್ಲವೇ ನಾಯಕನ ಗೆಳೆಯ ಎನ್ನುವಷ್ಟಕ್ಕೆ ಮುಗಿದುಹೋಗುತ್ತಿದ್ದ ದಿನಗಳವು. ಇಲ್ಲಿ ಒಬ್ಬ ಹಳ್ಳಿಯ ಇಮಾಮ್ ಇಡೀ ಊರಿನ ಆತ್ಮಸಾಕ್ಷಿಯಾಗಿ ನಿಲ್ಲುತ್ತಾರೆ. ಅದನ್ನು ಬರೆದವರು ಸಲೀಂ ಮತ್ತು ಜಾವೇದ್. ಅದಕ್ಕೆ ಜೀವ ಕೊಟ್ಟವರು ಒಬ್ಬ ಕಾಶ್ಮೀರಿ ಪಂಡಿತ. ಪೇಶಾವರದ ಗಲ್ಲಿಗಳಲ್ಲಿ ಆಜಾನ್ ಕೇಳುತ್ತಾ, ಪಠಾಣ ನೆರೆಯವರ ಜೊತೆ ಬೆಳೆದಿದ್ದ ಅವರಿಗೆ ಆ ಇಮಾಮ್ ಹೊರಗಿನವರಾಗಿರಲಿಲ್ಲ. ನೋಡಿದವರು ಅವರನ್ನು ಮುಸ್ಲಿಮರೆಂದೇ ನಂಬಿದ್ದು ಸುಮ್ಮನೆ ಅಲ್ಲ.

ಹುಟ್ಟೂರನ್ನು ನೆನೆದ ತಪ್ಪಿಗೆ

ಈಗ ಹೇಳುವ ಸಂಗತಿ ನೋವಿನದು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬಯಿ ಗಲಭೆಗಳಲ್ಲಿ ಬೆಂದಿತು. ಮಾರ್ಚ್ 12ರಂದು ಬಾಂಬ್ ಸ್ಫೋಟಗಳಾದವು. ಊರಿನ ಗಾಳಿಯೇ ವಿಷವಾಗಿದ್ದ ದಿನಗಳು. ಆ ವರ್ಷ ಹಂಗಲ್ ತಾವು ಹುಟ್ಟಿದ ನೆಲವನ್ನು ಒಮ್ಮೆ ನೋಡಿ ಬರಬೇಕೆಂದು ವೀಸಾಕ್ಕಾಗಿ ಮುಂಬಯಿಯಲ್ಲಿದ್ದ ಪಾಕಿಸ್ತಾನದ ಕಾನ್ಸುಲೇಟ್ ಕಚೇರಿಯನ್ನು ಸಂಪರ್ಕಿಸಿದ್ದರು. ಪಾಕಿಸ್ತಾನ ದಿನದ ಸಮಾರಂಭಕ್ಕೆ ಬಂದ ಆಹ್ವಾನವನ್ನು ಒಪ್ಪಿ ಹೋದರು. ಅಷ್ಟಕ್ಕೇ ಶಿವಸೇನೆಯ ನಾಯಕ ಬಾಳ್ ಠಾಕ್ರೆ ಅವರ ಚಿತ್ರಗಳನ್ನು ಬಹಿಷ್ಕರಿಸುವಂತೆ ಕರೆ ಕೊಟ್ಟರು. ಅವರ ಪ್ರತಿಕೃತಿಗಳನ್ನು ಸುಟ್ಟರು. ನಿರ್ಮಾಪಕರು ಹೆದರಿದರು. ಚಿತ್ರಗಳಿಂದ ಅವರ ದೃಶ್ಯಗಳನ್ನು ಕತ್ತರಿಸಿದರು, ಹೊಸ ಕೆಲಸ ಕೊಡುವವರಿಲ್ಲವಾದರು. ಸುಮಾರು ಎರಡು ವರ್ಷ ಹೀಗೆಯೇ ಕಳೆಯಿತು.

ಯೋಚಿಸಿ ನೋಡಿ. ಎಪ್ಪತ್ತೊಂಬತ್ತು ವರ್ಷದ ಮುದುಕರು. ಬ್ರಿಟಿಷರ ವಿರುದ್ಧ ಹೋರಾಡಿದವರು. ಕರಾಚಿಯ ಜೈಲಿನಿಂದ ಬಿಡುಗಡೆಯಾದ ಮೇಲೆ ಭಾರತವನ್ನೇ ತಮ್ಮ ದೇಶವೆಂದು ಆರಿಸಿಕೊಂಡು ಬಂದವರು. ಅಂಥವರ ದೇಶಪ್ರೇಮವನ್ನು ಅಳೆಯಲು ಜನ ಹೊರಟರು. ಪೋಷಕ ನಟನ ಮನೆಯಲ್ಲಿ ವರ್ಷಗಟ್ಟಲೆ ಕುಳಿತು ಉಣ್ಣುವಷ್ಟು ಕೂಡಿಟ್ಟ ಹಣವಿರುವುದಿಲ್ಲ. ಹಾಗಿದ್ದರೂ ಹುಟ್ಟೂರನ್ನು ನೋಡಬೇಕೆನ್ನುವುದು ಅಪರಾಧವೆಂದು ಹಂಗಲ್ ಒಪ್ಪಲಿಲ್ಲ. ನಿಧಾನವಾಗಿ ಕಾವು ಇಳಿಯಿತು, ಕೆಲಸ ಮತ್ತೆ ಬರತೊಡಗಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ದೇಶಪ್ರೇಮವನ್ನು ಪದೇ ಪದೇ ಸಾಬೀತು ಮಾಡಬೇಕಾದ ಕಷ್ಟ ನಮ್ಮ ಸಮುದಾಯದ್ದು ಮಾತ್ರ ಎಂದು ನಾವು ಎಷ್ಟೋ ಸಲ ಅಂದುಕೊಳ್ಳುತ್ತೇವೆ. ಹಂಗಲ್ ಅವರ ಕಥೆ ಓದಿದ ಮೇಲೆ ಹಾಗೆ ಹೇಳುವುದು ಕಷ್ಟ. ದ್ವೇಷ ಒಮ್ಮೆ ಬೀದಿಗೆ ಇಳಿದರೆ ಅದು ಹೆಸರು, ಜಾತಿ ಕೇಳಿ ನಿಲ್ಲುವುದಿಲ್ಲ. ತನ್ನ ಮಾತಿಗೆ ತಲೆದೂಗದ ಯಾರನ್ನೂ ಅದು ಬಿಡುವುದಿಲ್ಲ.

ಕೊನೆಯ ವರ್ಷಗಳು

2001ರ ‘ಲಗಾನ್’ ಚಿತ್ರದಲ್ಲಿ ನೀವು ಅವರನ್ನು ಹಳ್ಳಿಯ ಹಿರಿಯ ಶಂಭು ಕಾಕಾ ಆಗಿ ನೋಡಿರುತ್ತೀರಿ. ಗುಜರಾತಿನ ಭುಜ್ ಹತ್ತಿರ ಚಿತ್ರೀಕರಣ ನಡೆಯುವಾಗ ಅವರ ವಯಸ್ಸು ಎಂಬತ್ತಾರು. ಬೆನ್ನಿಗೆ ಪೆಟ್ಟಾಗಿ ಹಾಸಿಗೆ ಹಿಡಿದಿದ್ದರೂ ತಮ್ಮಿಂದಾಗಿ ಕೆಲಸ ನಿಲ್ಲಬಾರದೆಂದು ಬಂದು ತಮ್ಮ ಭಾಗವನ್ನು ಮುಗಿಸಿಕೊಟ್ಟರು. 2005ರ ‘ಪಹೇಲಿ’ಯ ನಂತರ ಅವರು ತೆರೆಯ ಮೇಲೆ ಕಾಣುವುದು ಅಪರೂಪವಾಯಿತು. 2006ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ಕೊಟ್ಟು ಗೌರವಿಸಿತು.

ಪ್ರಶಸ್ತಿ ಬಂತು, ಆದರೆ ಔಷಧಿಗೆ ಹಣವಿರಲಿಲ್ಲ. 2011ರ ಆರಂಭದಲ್ಲಿ ಹಂಗಲ್ ಕಾಯಿಲೆ ಬಿದ್ದು ಚಿಕಿತ್ಸೆಯ ಖರ್ಚಿಗೆ ಪರದಾಡುತ್ತಿದ್ದಾರೆಂದು ಪತ್ರಿಕೆಗಳು ಬರೆದವು. ಅವರ ಮಗನೂ ಆಗ ಎಪ್ಪತ್ತು ದಾಟಿದವರು. ಸುದ್ದಿ ಓದಿ ಚಿತ್ರರಂಗದ ಹಲವರು ನೆರವಿಗೆ ಬಂದರು. ಅದೇ ಫೆಬ್ರವರಿಯಲ್ಲಿ ವಿನ್ಯಾಸಕಾರ ರಿಯಾಜ್ ಗಂಜಿ ಅವರ ಉಡುಪುಗಳ ಪ್ರದರ್ಶನದಲ್ಲಿ ಹಂಗಲ್ ಗಾಲಿಕುರ್ಚಿಯಲ್ಲಿ ಕುಳಿತು ವೇದಿಕೆಗೆ ಬಂದರು. ಒಂದು ಕಾಲದಲ್ಲಿ ಬೇರೆಯವರಿಗೆ ಬಟ್ಟೆ ಕತ್ತರಿಸುತ್ತಿದ್ದ ದರ್ಜಿಗೆ ನೆರೆದವರೆಲ್ಲ ಚಪ್ಪಾಳೆ ತಟ್ಟಿದರು.

2012ರಲ್ಲಿ ‘ಮಧುಬಾಲಾ’ ಎಂಬ ಟಿ.ವಿ. ಧಾರಾವಾಹಿಯಲ್ಲಿ ಅವರು ಕೆಲವು ಕ್ಷಣ ಕಾಣಿಸಿಕೊಂಡರು. ಏಳೆಂಟು ವರ್ಷಗಳ ನಂತರ ಮತ್ತೆ ಕ್ಯಾಮರಾದ ಎದುರು, ಅದೂ ಗಾಲಿಕುರ್ಚಿಯಲ್ಲಿ. ಅದೇ ಕೊನೆಯಾಯಿತು. ಆಗಸ್ಟ್ 13ರಂದು ಮನೆಯಲ್ಲಿ ಬಿದ್ದು ತೊಡೆಯ ಮೂಳೆ ಮುರಿಯಿತು. ಆಗಸ್ಟ್ 26ರಂದು ಮುಂಬಯಿಯ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ತೊಂಬತ್ತೆಂಟು ವರ್ಷದ ತುಂಬು ಬಾಳು. ಅಂತ್ಯಸಂಸ್ಕಾರಕ್ಕೆ ದೊಡ್ಡ ತಾರೆಯರಲ್ಲಿ ಬಂದವರು ಬಹಳ ಕಡಿಮೆ ಎಂದು ಮರುದಿನದ ಪತ್ರಿಕೆಗಳು ಬರೆದಿದ್ದವು.

ನಾವು ತಿಳಿಯಬೇಕಾದದ್ದು

ವಿದ್ಯಾರ್ಥಿ ಮಿತ್ರರೇ, ಈ ಬದುಕಿನಿಂದ ಪರೀಕ್ಷೆಗೆ ಬರೆಯುವಂಥ ಉತ್ತರವೇನೂ ಸಿಗುವುದಿಲ್ಲ. ಆದರೆ ಎರಡು ಮೂರು ಮಾತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು.

ಎಸ್ಸೆಸ್ಸೆಲ್ಸಿಯಲ್ಲಿ, ಪಿ.ಯು.ಸಿ.ಯಲ್ಲಿ ಅಂಕ ಕಡಿಮೆ ಬಂತೆಂದು ಬದುಕೇ ಮುಗಿಯಿತೆಂದು ಕುಳಿತುಬಿಡುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇವೆ. ಹಂಗಲ್ ತಮ್ಮ ಮೊದಲ ಚಿತ್ರ ಮಾಡಿದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲಿನ ವರ್ಷಗಳು ವ್ಯರ್ಥವಾಗಿರಲಿಲ್ಲ. ದರ್ಜಿಯ ಬಡತನ, ಕಾರ್ಮಿಕರ ಒಡನಾಟ, ಜೈಲು, ಊರು ಬಿಟ್ಟ ಸಂಕಟ ಎಲ್ಲವೂ ಅವರ ಮುಖದ ಮೇಲೆ ಬಂದು ಕೂತಿದ್ದವು. ನಿರ್ದೇಶಕರಿಗೆ ಬೇಕಾಗಿದ್ದದ್ದು ಆ ಮುಖವೇ. ಪ್ರಾಮಾಣಿಕವಾಗಿ ಕಳೆದ ಯಾವ ವರ್ಷವೂ ಹಾಳಾಗುವುದಿಲ್ಲ.

ಪಾತ್ರ ಸಣ್ಣದೆಂದು ಅವರು ಯಾವುದನ್ನೂ ಅರೆಮನಸ್ಸಿನಿಂದ ಮಾಡಲಿಲ್ಲ. ನಮ್ಮ ಸಂಘದ ಕೆಲಸದಲ್ಲೂ ಹಾಗೆಯೇ. ವೇದಿಕೆಯ ಮೇಲೆ ಕೂರುವವರು ನಾಲ್ಕು ಜನ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಜೋಡಿಸುವವರು, ಹಾಸ್ಟೆಲಿನ ಅಡುಗೆ ನೋಡಿಕೊಳ್ಳುವವರು, ಸಂಜೆ ತರಗತಿಯ ದೀಪ ಆರಿಸಿ ಬಾಗಿಲು ಹಾಕುವವರು ಫೋಟೋದಲ್ಲಿ ಇರುವುದಿಲ್ಲ. ಅವರಿಲ್ಲದಿದ್ದರೆ ಸಂಘವೂ ಇರುವುದಿಲ್ಲ.

ಕೊನೆಯದಾಗಿ ಹಿರಿಯರಲ್ಲಿ ಒಂದು ಬಿನ್ನಹ. ಇಡೀ ದೇಶ ಚಾಚಾ ಎಂದು ಕರೆದ ಒಬ್ಬ ವೃದ್ಧರಿಗೆ ತಮ್ಮ ಔಷಧಿಯ ಖರ್ಚು ಪತ್ರಿಕೆಯ ಸುದ್ದಿಯಾಗುವವರೆಗೂ ನೆರವು ಸಿಗಲಿಲ್ಲ. ನಮ್ಮ ಊರಿನಲ್ಲೂ ಜೀವನವಿಡೀ ಬೇರೆಯವರ ಮಕ್ಕಳಿಗೆ ಅಕ್ಷರ ಕಲಿಸಿದ, ಕೈಕೆಲಸ ಕಲಿಸಿದ, ಪಿಂಚಣಿಯಿಲ್ಲದ ಉಸ್ತಾದರು, ಮೇಷ್ಟ್ರುಗಳು ಇದ್ದಾರೆ. ಅವರು ತಾವಾಗಿ ಕೇಳುವವರಲ್ಲ. ಪತ್ರಿಕೆಯಲ್ಲಿ ಬರುವವರೆಗೆ ಕಾಯದೆ ಮುಂದಿನ ಶುಕ್ರವಾರವೋ ಭಾನುವಾರವೋ ಅವರ ಮನೆ ಬಾಗಿಲು ತಟ್ಟಿ, ಹೇಗಿದ್ದೀರಿ ಎಂದು ವಿಚಾರಿಸಿ ಬನ್ನಿ. ಜೊತೆಗೆ ನಿಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗಿ.